‘ಆದದ್ದಾಯ್ತು, ಮರೆತುಬಿಡು’ ಎಂದರೆ ಮಾನಸಿಕ ಆಘಾತ ಮಾಯುತ್ತದೆಯೇ?

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿತ್ತು. ಬೆಂಕಿಗೂ ನೂಕುನುಗ್ಗಲಿಗೂ ಸಿಕ್ಕಿ 90ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಬೆಂಕಿ ಅಂದೇ ಆರಿತು. ಆದರೆ ಅಲ್ಲಿಂದ ಬದುಕಿ ಬಂದವರ, ತಮ್ಮವರನ್ನು ಕಳೆದುಕೊಂಡವರ ಮನಸ್ಸಿನಲ್ಲಿ ಅದು ಆರಿತೇ? ನಿಮ್ಹಾನ್ಸ್‌ನ ತಜ್ಞರು ಆ ಕುಟುಂಬಗಳ ಶೋಕವನ್ನು ಅಧ್ಯಯನ ಮಾಡಿದರು. ದುರಂತದ ನಂತರ ಜನರ ಮನಸ್ಸಿಗೆ ಏನಾಗುತ್ತದೆ ಎಂದು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಇದೂ ಒಂದು.

ಇಂಥ ನೋವು ಉಂಡವರಿಗೆ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? ‘ಆದದ್ದಾಯ್ತು, ಮರೆತುಬಿಡು’, ‘ಕಾಲವೇ ಎಲ್ಲ ಮರೆಸುತ್ತದೆ’, ‘ಮನಸ್ಸು ಗಟ್ಟಿ ಮಾಡ್ಕೋ’. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಈ ಮಾತುಗಳಲ್ಲಿ ನಿಜವೆಷ್ಟು?

ಮಾನಸಿಕ ಆಘಾತ ಎಂದರೆ ಏನು?

ಪರೀಕ್ಷೆಯಲ್ಲಿ ಫೇಲಾಗುವುದು, ಕೆಲಸ ಹೋಗುವುದು ನೋವಿನ ಸಂಗತಿಗಳೇ. ಆದರೆ ವೈದ್ಯರು ಮಾನಸಿಕ ಆಘಾತ ಎನ್ನುವುದು ಜೀವಕ್ಕೆ ಅಥವಾ ದೇಹಕ್ಕೆ ಗಂಡಾಂತರ ತಂದ ಅನುಭವವನ್ನು: ಅಪಘಾತ, ಪ್ರವಾಹ, ಹಲ್ಲೆ, ಲೈಂಗಿಕ ದೌರ್ಜನ್ಯ, ಯುದ್ಧ. ಅದು ನಮಗೇ ಆಗಿರಬಹುದು, ಕಣ್ಣೆದುರು ಬೇರೆಯವರಿಗೆ ಆಗಿರಬಹುದು.

ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವೇ ಇಲ್ಲದ ಸೈನಿಕರು ನಡುಗುತ್ತಿದ್ದರು, ಮಾತು ಕಳೆದುಕೊಳ್ಳುತ್ತಿದ್ದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಇದನ್ನು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಹಾಗಿದ್ದೂ ಅನೇಕ ಸೈನಿಕರಿಗೆ ಹೇಡಿಗಳೆಂಬ ಹಣೆಪಟ್ಟಿ ತಪ್ಪಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಪಿಟಿಎಸ್‌ಡಿಯನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇದು ಹೇಡಿತನವಲ್ಲ, ಕಾಯಿಲೆ ಎಂದು ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಹಳೆಯ ಘಟನೆ ಈಗಲೂ ಏಕೆ ಕಾಡುತ್ತದೆ?

ನಮ್ಮ ಮೆದುಳಿನಲ್ಲಿ ಅಮಿಗ್ಡಾಲಾ ಎಂಬ ಬಾದಾಮಿ ಆಕಾರದ ಪುಟ್ಟ ಭಾಗವಿದೆ. ಅಪಾಯ ಕಂಡ ಕೂಡಲೇ ಇದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ದೇಹ ಓಡಲು ಅಥವಾ ಎದುರಿಸಲು ಸಜ್ಜಾಗುತ್ತದೆ. ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗ ಘಟನೆ ಎಲ್ಲಿ, ಯಾವಾಗ ಆಯಿತು ಎಂಬುದನ್ನು ಜೋಡಿಸಿಡಲು ನೆರವಾಗುತ್ತದೆ. ಹಣೆಯ ಹಿಂದಿರುವ ಮುಮ್ಮೆದುಳು ‘ಅಪಾಯ ಕಳೆಯಿತು, ಸಮಾಧಾನ’ ಎಂದು ಗಂಟೆಯನ್ನು ನಿಲ್ಲಿಸುತ್ತದೆ.

ಪಿಟಿಎಸ್‌ಡಿಯಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ. ಗಂಟೆ ಸುಲಭವಾಗಿ ಹೊಡೆದುಕೊಳ್ಳುತ್ತದೆ, ಬೇಗ ನಿಲ್ಲುವುದಿಲ್ಲ. ನೆನಪಿಗೆ ‘ಇದು ಮುಗಿದ ಕಥೆ’ ಎಂಬ ಮುದ್ರೆ ಸರಿಯಾಗಿ ಬಿದ್ದಿರುವುದಿಲ್ಲ. ಹೀಗಾಗಿ ಹೊಗೆಯ ವಾಸನೆ, ಬ್ರೇಕಿನ ಸದ್ದು, ಒಂದು ಬಗೆಯ ಧ್ವನಿ ಸಾಕು, ಅಂದು ಆದದ್ದು ಈಗಲೇ ಆಗುತ್ತಿದೆ ಎಂದು ದೇಹ ನಂಬಿಬಿಡುತ್ತದೆ. ಹಗ್ಗ ಹಾವಾಗಿ ಕಾಣುತ್ತದೆ. ‘ಅದು ಹಗ್ಗ ಕಣೋ’ ಎಂದು ಹೇಳಿದ ಮಾತ್ರಕ್ಕೆ ಎದೆಬಡಿತ ಇಳಿಯುವುದಿಲ್ಲ.

ಕೆಟ್ಟ ಕನಸು, ನಿದ್ದೆಗೇಡು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಸುಮ್ಮಸುಮ್ಮನೆ ಸಿಡುಕುವುದು, ತಪ್ಪೆಲ್ಲ ತನ್ನದೇ ಎಂಬ ಕೊರಗು, ಯಾರ ಮೇಲೂ ಪ್ರೀತಿ ಉಕ್ಕದಿರುವುದು ಇದರ ಲಕ್ಷಣಗಳು. ನಮ್ಮಲ್ಲಿ ಅನೇಕರು ಇದನ್ನು ತಲೆನೋವು, ಸುಸ್ತು, ಎದೆ ಡವಡವ ಎಂದೇ ವೈದ್ಯರ ಬಳಿ ಹೇಳಿಕೊಳ್ಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತಾರೆ.

ಮರೆಯಲು ಹೊರಟರೆ ಏನಾಗುತ್ತದೆ?

ಬೈಕ್ ಅಪಘಾತದಲ್ಲಿ ಗೆಳೆಯನನ್ನು ಕಳೆದುಕೊಂಡ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಮೊದಲು ಆತ ಆ ತಿರುವಿನಲ್ಲಿ ಹೋಗುವುದನ್ನು ಬಿಡುತ್ತಾನೆ. ಆಮೇಲೆ ಬೈಕನ್ನೇ ಬಿಡುತ್ತಾನೆ. ಗೆಳೆಯರು ಸಿಕ್ಕರೆ ಆ ಮಾತು ಬಂದೀತೆಂದು ಅವರನ್ನೂ ಬಿಡುತ್ತಾನೆ. ದೂರದ ಕೆಲಸ ಬಿಟ್ಟು ಮನೆಯಲ್ಲೇ ಉಳಿಯುತ್ತಾನೆ. ಪ್ರತಿ ಸಲವೂ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ‘ಆ ದಾರಿಯಲ್ಲಿ ಹೋದರೂ ಏನೂ ಆಗುವುದಿಲ್ಲ’ ಎಂದು ಮೆದುಳು ಕಲಿಯುವ ಅವಕಾಶ ಪ್ರತಿ ಸಲವೂ ತಪ್ಪಿಹೋಗುತ್ತದೆ. ಹೊರಗಿನಿಂದ ನೋಡುವ ನಮಗೆ ‘ಪಾಪ, ಮರೆತಿದ್ದಾನೆ’ ಅನ್ನಿಸಬಹುದು. ನಿಜದಲ್ಲಿ ಭಯ ಹಾಗೇ ಇದೆ, ಅವನ ಬದುಕು ಚಿಕ್ಕದಾಗಿದೆ.

‘ಮರೆತುಬಿಡು’ ಎಂಬ ಮಾತಿನ ತೊಂದರೆ ಇದೇ. ಅದು ಕಾಯಿಲೆಯನ್ನು ಉಳಿಸುವ ಅಭ್ಯಾಸವನ್ನೇ ಮದ್ದೆಂದು ಕೊಡುತ್ತದೆ. ‘ಮದುವೆ ಮಾಡಿದರೆ ಸರಿಹೋಗುತ್ತಾಳೆ’ ಎಂಬುದೂ ಅದೇ ಜಾತಿಯ ಮಾತು. ದೌರ್ಜನ್ಯ ಉಂಡ ಹೆಣ್ಣುಮಗಳ ಭಯ ಗಂಡನ ಮನೆಗೂ ಜೊತೆಯಲ್ಲೇ ಹೋಗುತ್ತದೆ.

ಹಾಗಾದರೆ ಆಘಾತ ಉಂಡವರೆಲ್ಲರ ಬದುಕೂ ಹಾಳಾಗುತ್ತದೆಯೇ?

ಇಲ್ಲ. ಇದು ಇನ್ನೊಂದು ತುದಿಯ ತಪ್ಪು ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಜಗತ್ತಿನ ಸುಮಾರು ಶೇ 70ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಬರುವುದು ಸುಮಾರು ಶೇ 5.6 ಮಂದಿಗೆ. ಯುದ್ಧ, ಲೈಂಗಿಕ ಹಿಂಸೆ ಕಂಡವರಲ್ಲಿ ಈ ಪ್ರಮಾಣ ಹೆಚ್ಚು. ಘಟನೆಯಾದ ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಅಳು ಬರುವುದು ಸಹಜ. ಬಹಳಷ್ಟು ಮಂದಿ ತಮ್ಮವರ ಆಸರೆಯಲ್ಲಿ ತಾವೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಕಡಿಮೆಯಾಗದೆ ಕೆಲಸಕ್ಕೆ, ಸಂಬಂಧಗಳಿಗೆ ಅಡ್ಡಿಯಾಗುತ್ತಿದ್ದರೆ ಮಾತ್ರ ಅದು ಕಾಯಿಲೆ ಇರಬಹುದು.

ಬಾಲ್ಯದಲ್ಲಿ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಪರಿಣಾಮ ದೂರದವರೆಗೆ ಹೋಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಹಿಂಸೆ ಮತ್ತು ಮನೆಯೊಳಗಿನ ಸಂಕಟಗಳನ್ನು ಹೆಚ್ಚು ಬಗೆಯಲ್ಲಿ ಕಂಡವರಲ್ಲಿ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನ ಮಾತ್ರವಲ್ಲ, ಹೃದ್ರೋಗವೂ ಹೆಚ್ಚು ಕಂಡಿತು. ಆದರೆ ಇದು ಹಣೆಬರಹವಲ್ಲ, ಸಾಧ್ಯತೆಯ ಲೆಕ್ಕ. ನಂಬುವಂಥ ಒಬ್ಬ ಹಿರಿಯರು ಜೊತೆಗಿದ್ದರೂ ಮಗುವಿಗೆ ಅದು ದೊಡ್ಡ ರಕ್ಷಣೆ.

‘ಎಲ್ಲ ಹೇಳಿ ಅತ್ತುಬಿಡು’ ಎನ್ನುವುದು ಸರಿಯೇ?

ಅದನ್ನೂ ಒತ್ತಾಯ ಮಾಡಬಾರದು. ಘಟನೆಯಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲವೆಂದು ಗೊತ್ತಾದ ಮೇಲೆ ಅದನ್ನು ಶಿಫಾರಸು ಮಾಡುತ್ತಿಲ್ಲ. ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಊಟ, ಮನೆಯವರ ಸಂಪರ್ಕ, ಕೇಳುವ ಕಿವಿ.

ಕಾಯಿಲೆಯಾಗಿ ಉಳಿದರೆ ಚಿಕಿತ್ಸೆ ಇದೆ. ತರಬೇತಿ ಪಡೆದ ತಜ್ಞರು ಸುರಕ್ಷಿತ ವಾತಾವರಣದಲ್ಲಿ, ಹಂತ ಹಂತವಾಗಿ ಆ ನೆನಪನ್ನು ಎದುರಿಸಲು ಕಲಿಸುತ್ತಾರೆ. ಇದರಿಂದ ನೆನಪು ಅಳಿಯುವುದಿಲ್ಲ, ಅದರ ಹಿಡಿತ ಸಡಿಲವಾಗುತ್ತದೆ. ಕೆಲವರಿಗೆ ವೈದ್ಯರು ಖಿನ್ನತೆಗೆ ಕೊಡುವ ಔಷಧಿಗಳನ್ನೇ ಕೊಡುತ್ತಾರೆ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು, ಕುಡಿತಕ್ಕೆ ಮೊರೆ ಹೋಗುವುದು ಪರಿಹಾರವಲ್ಲ.

ಮನೋವೈದ್ಯರು ಎಲ್ಲ ಊರುಗಳಲ್ಲಿಲ್ಲ, ನಿಜ. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ತಂಡ ಅಲ್ಲಿನ ಸಾಮಾನ್ಯ ವೈದ್ಯರಿಗೇ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ಹಾಗಾಗಿ ಹತ್ತಿರದ ಸರ್ಕಾರಿ ವೈದ್ಯರ ಬಳಿ ಮಾತು ಶುರು ಮಾಡುವುದೂ ಒಂದು ದಾರಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದದ್ದು ನಮ್ಮ ಕೈಯಲ್ಲಿದೆ. ಮನೆಯಲ್ಲೋ ಬೀದಿಯಲ್ಲೋ ಇಂಥವರು ಸಿಕ್ಕಾಗ ‘ಇನ್ನೂ ಮರೆತಿಲ್ವಾ?’ ಎಂದು ಕೇಳುವುದನ್ನು ಬಿಡೋಣ. ‘ರಾತ್ರಿ ನಿದ್ದೆ ಬರ್ತಿದೆಯಾ? ಡಾಕ್ಟರ ಹತ್ರ ಹೋಗೋದಾದ್ರೆ ನಾನೂ ಬರ್ತೀನಿ’ ಎನ್ನೋಣ.