ಮಂಗೋರ್ ಹಿಲ್‌ಗೂ ಜಾಝ್ ಸೇರಿದ್ದೇ

ಜಾಝ್ ಎಂದರೆ ಸ್ಟಾರ್ ಹೋಟೆಲುಗಳ ಮನರಂಜನೆ, ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ನಂಥ ಕಡೆ ದುಡಿದು ಬದುಕುವ ಕನ್ನಡಿಗರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎಂಬ ಲೇಖಕರೊಬ್ಬರ ಅಭಿಪ್ರಾಯ ಅಚ್ಚಾಗಿದೆ. ಇದು ಚರಿತ್ರೆಯನ್ನೇ ತಲೆಕೆಳಗು ಮಾಡುವ ಮಾತು.

ಜಾಝ್ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರ ನಡುವೆ, ಗುಲಾಮಗಿರಿಯ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ. ಗೋವಾದವರಿಗೂ ಅದು ದುಡಿಮೆಯೇ ಆಗಿತ್ತು. ಅಲ್ಡೋನಾದ ಚಿಕ್ ಚಾಕೊಲೇಟ್ ಮುಂಬೈಯಲ್ಲಿ ಟ್ರಂಪೆಟ್ ಊದಿ ಬದುಕಿದರು. 1951ರ ಹಿಂದಿ ಚಿತ್ರ ‘ಅಲ್ಬೇಲಾ’ದ ಹಾಡುಗಳ ಲವಲವಿಕೆಯಲ್ಲಿ ಅವರ ಉಸಿರಿದೆ.

ಇನ್ನು ಕನ್ನಡನಾಡಿನ ಮಾತು. ಕದ್ರಿ ಗೋಪಾಲನಾಥರು ಬಂಟ್ವಾಳ ಸೀಮೆಯ ನಾಗಸ್ವರದ ಮನೆಯವರು. ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತು, ಅದರಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿದ್ದೇ ತಡ, ಜೊತೆಗೆ ನುಡಿಸಲು ಕರೆದರು. 2008ರ ‘ಕಿನ್ಸ್‌ಮೆನ್’ ಆಲ್ಬಮ್ಮಿನಲ್ಲಿ ಗೋಪಾಲನಾಥರ ಜೊತೆಗಾರ ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ರುದ್ರೇಶ್ ಮಹಂತಪ್ಪ.

ಜಾಝ್ ನಮ್ಮದಲ್ಲವೆಂದು ತೀರ್ಪು ಕೊಡಲು ಆ ಲೇಖಕರು ಯಾರು?

ಬೆಂಗಳೂರಿನ ಆರ್.ಎ. ರಮಾಮಣಿ 1983ರಲ್ಲೇ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಆಲ್ಬಮ್ಮಿಗೆ ಹಾಡಿದರು. ಆಲಾಪನೆ, ಸ್ವರಕಲ್ಪನೆಗಳಲ್ಲಿ ಪಳಗಿದ ಗಾಯಕಿಗೆ, ಮುಂದಿನ ಸ್ವರವನ್ನು ಆ ಕ್ಷಣದಲ್ಲೇ ಹುಡುಕಿಕೊಳ್ಳುವ ಜಾಝ್ ವಾದಕ ಪರಕೀಯನಾಗಿರಲಿಲ್ಲ.