ಅಂಕಪಟ್ಟಿಯ ನ್ಯಾಯ

ಮಗನ ಅಂಕಪಟ್ಟಿಗೆ ರುಜು ಹಾಕುವ ದಿನ ಮನೆಯಲ್ಲೊಂದು ನ್ಯಾಯಾಲಯವೇ ನೆರೆಯುತ್ತದೆ. ಅಂಕ ಹೆಚ್ಚಿದ್ದರೆ ಅದು ವಂಶದ ಬುದ್ಧಿ. ಕಡಿಮೆಯಾದರೆ ಮೇಷ್ಟರ ತಪ್ಪು! ಈ ನ್ಯಾಯವನ್ನೇ ಸರಕಾರ ಶಾಸನವಾಗಿಸಿದರೆ ಏನಾದೀತು? ಅಮೆರಿಕದ ಕತೆ ಕೇಳಿ.

2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ರುಜು ಹಾಕಿದ ಕಾನೂನಿನ ಉದ್ದೇಶ ಒಳ್ಳೆಯದೇ. 2014ರ ಹೊತ್ತಿಗೆ ಎಲ್ಲ ಮಕ್ಕಳೂ ಓದಿನಲ್ಲಿ, ಗಣಿತದಲ್ಲಿ ನಿಗದಿಯಾದ ಮಟ್ಟ ಮುಟ್ಟಬೇಕು. 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷ ಪರೀಕ್ಷೆ. ಪದೇ ಪದೇ ಗುರಿ ತಪ್ಪಿದ ಶಾಲೆಯ ಮೇಲೆ ಕ್ರಮ. ಬಡಮಕ್ಕಳನ್ನು ಕಡೆಗಣಿಸಿದ್ದ ಶಾಲೆಗಳ ಸ್ಥಿತಿ ಇದರಿಂದ ಬಯಲಾಯಿತೆಂಬುದೂ ನಿಜ. ಆದರೆ ಪರೀಕ್ಷೆಗೆ ಬಾರದ ಚರಿತ್ರೆ, ಸಂಗೀತ, ಚಿತ್ರಕಲೆಗಳ ವೇಳೆ ಅನೇಕ ಕಡೆ ಕರಗಿತು. ಬರಬರುತ್ತ ಉಪಾಧ್ಯಾಯರ ಯೋಗ್ಯತೆಯನ್ನೂ ಮಕ್ಕಳ ಅಂಕಗಳಿಂದ ಅಳೆಯತೊಡಗಿದರು.

2013ರ ಜನವರಿ. ಸಿಯಾಟಲ್ ನಗರದ ಗಾರ್‌ಫೀಲ್ಡ್ ಪ್ರೌಢಶಾಲೆಯ ಉಪಾಧ್ಯಾಯರು ‘ಮ್ಯಾಪ್’ ಎಂಬ ಪರೀಕ್ಷೆಯನ್ನು ತಾವು ನಡೆಸುವುದಿಲ್ಲವೆಂದು ಒಟ್ಟಾಗಿ ಸಾರಿದರು. ಪ್ರಶ್ನೆಗಳಿಗೂ ತಾವು ಕಲಿಸುವ ಪಾಠಕ್ಕೂ ಹೊಂದಿಕೆಯಿಲ್ಲ. ಪರೀಕ್ಷೆಯ ಸಲುವಾಗಿ ಕಂಪ್ಯೂಟರ್ ಕೊಠಡಿಗಳು ವಾರಗಟ್ಟಲೆ ವಿದ್ಯಾರ್ಥಿಗಳ ಕೈಗೆ ಸಿಗುವುದಿಲ್ಲ. ಇಂಥ ಅಳತೆಗೋಲಿನಿಂದ ತಮ್ಮನ್ನು ತೂಗುವುದು ಸಲ್ಲದು—ಇದು ಅವರ ವಾದ. 10 ದಿನ ಸಂಬಳವಿಲ್ಲದ ಅಮಾನತಿನ ಎಚ್ಚರಿಕೆ ಬಂದಿತು. ಬಾಡಿಗೆ, ಸಾಲ, ಸಂಸಾರ ಅವರಿಗೂ ಇದ್ದವಷ್ಟೆ! ಆದರೂ ಅವರು ಹಿಂಜರಿಯಲಿಲ್ಲ. ವಿದ್ಯಾರ್ಥಿಗಳೂ ತಾಯ್ತಂದೆಗಳೂ ಬೆಂಬಲಕ್ಕೆ ನಿಂತರು. ಮೇಲಧಿಕಾರಿಗಳೇ ಪರೀಕ್ಷೆ ನಡೆಸಲು ಬಂದಾಗ ಅನೇಕ ಹುಡುಗರು ಕುಳಿತ ಜಾಗದಿಂದ ಏಳಲಿಲ್ಲ. ಕಡೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ಮೇ ತಿಂಗಳಲ್ಲಿ, ಪ್ರೌಢಶಾಲೆಗಳಿಗೆ ಆ ಪರೀಕ್ಷೆ ಕಡ್ಡಾಯವಲ್ಲವೆಂಬ ಪ್ರಕಟಣೆ ಹೊರಟಿತು. 2015ರಲ್ಲಿ ಮೂಲ ಕಾನೂನಿನ ಸ್ಥಾನಕ್ಕೂ ಬೇರೊಂದು ಬಂದಿತು. ವಾರ್ಷಿಕ ಪರೀಕ್ಷೆ ಉಳಿಯಿತು, ಬಿಗಿ ಸಡಿಲವಾಯಿತು.

‘ನಮ್ಮನ್ನು ಯಾರೂ ಕೇಳಬೇಡಿ’ ಎಂದು ಆ ಉಪಾಧ್ಯಾಯರು ಹೇಳಿದ್ದರೆ ಈ ಅಂಕಣದಲ್ಲಿ ಅವರಿಗೆ ಸ್ಥಳವಿರುತ್ತಿರಲಿಲ್ಲ. ಒಳ್ಳೆಯ ಪರೀಕ್ಷೆ ಹೇಗಿರಬೇಕೆಂದು ಚರ್ಚಿಸಲು ಸಿಯಾಟಲಿನ ಉಪಾಧ್ಯಾಯರು ತಾವೇ ಮಂಡಲಿ ಕಟ್ಟಿ ಸಲಹೆಗಳನ್ನು ಮುಂದಿಟ್ಟರು. ನಾಯಕತ್ವಕ್ಕೆ ಮುಖ್ಯೋಪಾಧ್ಯಾಯರ ಕುರ್ಚಿಯೇ ಬೇಕೆಂದಿಲ್ಲ.

ಮುಂದಿನ ಸಲ ಅಂಕಪಟ್ಟಿ ಬಂದಾಗ, ರುಜು ಹಾಕುವ ಮುನ್ನ ಒಂದು ಸಂಜೆ ಮೇಷ್ಟರನ್ನು ಕಂಡು ಬನ್ನಿ. ‘ಎಷ್ಟು ಬಂತು?’ ಎನ್ನುವುದಕ್ಕೆ ಬದಲಾಗಿ ‘ಹುಡುಗ ಏನು ಕಲಿತಿದ್ದಾನೆ?’ ಎಂದು ಕೇಳಿ. ಅಂಕಪಟ್ಟಿಯಲ್ಲಿಲ್ಲದ ಎಷ್ಟೋ ಸಂಗತಿಗಳು ಅವರಿಗೆ ಗೊತ್ತಿರುತ್ತವೆ.