ಸ್ನಾನ ಮುಗಿಯಿತು, ಓದು?
ಮಕ್ಕಳ ದೀಕ್ಷಾಸ್ನಾನದ ಛಾಯಾಚಿತ್ರಗಳನ್ನು ತೋರಿಸುತ್ತೀರಿ, ಸಂತೋಷ. ಮನೆಯ ಬೈಬಲ್ಲಿನ ಮೇಲಿನ ಧೂಳನ್ನು ಮಾತ್ರ ತೋರಿಸುವುದಿಲ್ಲ! ಕಥೋಲಿಕರು ಇದನ್ನೇ ಜ್ಞಾನಸ್ನಾನವೆನ್ನುತ್ತಾರೆ. ದೀಕ್ಷೆಯೆನ್ನಿ, ಜ್ಞಾನವೆನ್ನಿ, ಅದು ಒಂದು ದಿನದ ಔತಣವಲ್ಲ. ಸ್ನಾನ ಹೊಂದಿದವನು ಕ್ರಿಸ್ತನ ಮರಣದಲ್ಲಿ ಪಾಲುಗೊಂಡು ಹೊಸ ಬಾಳಿಗೆ ಏಳುತ್ತಾನೆಂಬುದು ರೋಮಾಪುರದವರಿಗೆ ಪೌಲನು ಬರೆದ ಪತ್ರದ 6ನೆಯ ಅಧ್ಯಾಯದ ಸಾರ. ನಮ್ಮ ಹನಗೋಡಿನ ಅಣೆಕಟ್ಟೆಯಿಂದ ಲಕ್ಷ್ಮಣತೀರ್ಥದ ನೀರು ಒಂದೇ ದಿನ ನಾಲೆಗೆ ಹರಿದರೆ ಗದ್ದೆ ಬೆಳೆದೀತೇ?

‘ಓದಿದರೆ ಮೋಕ್ಷವೇ, ಮೇಷ್ಟ್ರೇ?’ ಎನ್ನುವಿರಿ. ಅಲ್ಲ. ಐಕ್ಯವು ಕೃಪೆಯಿಂದ, ಓದು ಆ ಐಕ್ಯವನ್ನು ನಿತ್ಯವೂ ಬಾಳುವ ಬಗೆ. ಬಾಸೆಲ್ ಮಿಷನ್ನಿನವರು 1847ರಲ್ಲಿ ಬನಿಯನ್ನನ ಕೃತಿಯನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದದ್ದು ಕಪಾಟಿನ ಅಲಂಕಾರಕ್ಕಲ್ಲ. ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಡಿ, ಪುಸ್ತಕವನ್ನು ಹೊರತೆಗೆಯಿರಿ. ರಾತ್ರಿ ಊಟಕ್ಕೆ ಮುನ್ನ ಒಂದು ಪುಟ, ಮಗುವಿಗೆ ಕೇಳಿಸುವಂತೆ.